ಪಣದ ಶಾಸ್ತ್ರವೂ ಅದರ ಓದುಗನೂ

ಆಟವೊಂದನ್ನು ಗ್ರಂಥದಿಂದ ಕಲಿಯಬಹುದೇ ಎಂಬ ಪ್ರಶ್ನೆಯು ಹಳೆಯದು. ಜೂಜಿನ ವಿಷಯದಲ್ಲಿ ಈ ಪ್ರಶ್ನೆಗೆ ಹೆಚ್ಚಿನ ಗಾಂಭೀರ್ಯವುಂಟು. ಇಲ್ಲಿ ತಪ್ಪು ಕಲಿತವನು ಕೈಯ ಹಣವನ್ನೇ ತೆತ್ತು ಪಾಠವೊಪ್ಪಿಸಬೇಕಾಗುತ್ತದೆ. ಬಾಹುಕನ ವೇಷದಲ್ಲಿದ್ದ ನಳನಿಗೆ ಋತುಪರ್ಣನು ರಥದ ದಾರಿಯಲ್ಲಿಯೇ ಅಕ್ಷಹೃದಯವನ್ನು ಉಪದೇಶಿಸಿದನೆಂದು ನಾವೆಲ್ಲರೂ ಓದಿರುವೆವು. ಅಮೆರಿಕೆಯ ಪೋಕರ್ ಎಂಬ ಇಸ್ಪೀಟಾಟದ ಗ್ರಂಥಗಳು ಅಂತಹ ಉಪದೇಶವನ್ನು ಕೊಡಬಲ್ಲವೇ ಎಂಬುದನ್ನು, ಅವುಗಳಲ್ಲಿ ಬಹುಮಾನ್ಯವಾದ ಒಂದನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗುವುದು.

ಆ ಗ್ರಂಥವು ಡ್ಯಾನ್ ಹ್ಯಾರಿಂಗ್ಟನ್ನರು ಬಿಲ್ ರಾಬರ್ಟಿಯವರೊಡನೆ ಬರೆದ ‘ಹ್ಯಾರಿಂಗ್ಟನ್ ಆನ್ ಹೋಲ್ಡೆಮ್’. ಇದು 2004ರಿಂದ 2006ರ ವರೆಗೆ ಮೂರು ಸಂಪುಟಗಳಾಗಿ ಹೊರಬಂದಿತು. ಹ್ಯಾರಿಂಗ್ಟನ್ನರು 1995ರಲ್ಲಿ ಪೋಕರಿನ ವಿಶ್ವ ಸರಣಿಯ ಮುಖ್ಯ ಪಂದ್ಯವನ್ನು ಗೆದ್ದವರು. 2003 ಮತ್ತು 2004ರಲ್ಲಿಯೂ ಅದರ ಕೊನೆಯ ಮೇಜಿನಲ್ಲಿ ಕುಳಿತವರು. ಇದಕ್ಕೆ ಹಿಂದೆ ಡಾಯ್ಲ್ ಬ್ರನ್ಸನ್ನರ ‘ಸೂಪರ್ ಸಿಸ್ಟಮ್’ ಪ್ರಸಿದ್ಧವಾಗಿದ್ದಿತು. ಆದರೆ ಅಲ್ಲಿಯ ಬೋಧನೆಯು ಹೆಚ್ಚಾಗಿ ನಗದಿನ ಆಟಕ್ಕೆ ಸಂಬಂಧಿಸಿದ್ದು. ಟೂರ್ನಮೆಂಟಿನ ಧರ್ಮವೇ ಬೇರೆ.

ಆ ಧರ್ಮವನ್ನು ಸಂಕ್ಷೇಪವಾಗಿ ಹೇಳಬಹುದು. ನೋ-ಲಿಮಿಟ್ ಹೋಲ್ಡೆಮಿನಲ್ಲಿ ಪ್ರತಿಯೊಬ್ಬನಿಗೂ ಎರಡು ಎಲೆಗಳು ಗುಟ್ಟಾಗಿ ಬರುತ್ತವೆ. ಐದು ಎಲೆಗಳು ಎಲ್ಲರಿಗೂ ಸೇರಿದವಾಗಿ ಮೇಜಿನ ಮೇಲೆ ತೆರೆಯುತ್ತವೆ. ತನ್ನ ಸರದಿ ಬಂದಾಗ ತನ್ನ ಬಿಲ್ಲೆಗಳನ್ನೆಲ್ಲ ಒಮ್ಮೆಗೇ ಒಡ್ಡುವ ಸ್ವಾತಂತ್ರ್ಯವು ಎಲ್ಲರಿಗೂ ಉಂಟು. ಟೂರ್ನಮೆಂಟಿನಲ್ಲಿ ಬಿಲ್ಲೆ ಮುಗಿದವನು ಎದ್ದುಹೋಗತಕ್ಕದ್ದು. ಬ್ಲೈಂಡ್ ಎಂಬ ಕಡ್ಡಾಯದ ಪಣವಾದರೋ ಗೊತ್ತಾದ ಅವಧಿಗೊಮ್ಮೆ ಏರುತ್ತ ಹೋಗುವುದು.

ಗ್ರಂಥದ ಮುಖ್ಯ ಗುಣವು ಎರಡನೆಯ ಸಂಪುಟದಲ್ಲಿದೆ. ಆಟಗಾರನು ತನ್ನ ಬಿಲ್ಲೆಗಳನ್ನು ಒಂದು ಸುತ್ತಿಗೆ ತೆರಬೇಕಾದ ಕಡ್ಡಾಯದ ಪಣದಿಂದ ಭಾಗಿಸಬೇಕು. ಬಂದ ಸಂಖ್ಯೆಗೆ, ಪಾಲ್ ಮ್ಯಾಗ್ರಿಯಲ್ಲರ ಹೆಸರಿನಿಂದ, ‘ಎಂ’ ಎಂದು ಹೆಸರು. ಒಬ್ಬನಲ್ಲಿ 6,000 ಬಿಲ್ಲೆಗಳಿವೆ, ಬ್ಲೈಂಡುಗಳು 100 ಮತ್ತು 200 ಎಂದಿಟ್ಟುಕೊಳ್ಳೋಣ. ಅವನ ಎಂ 20. ಒಂದು ಬಿಲ್ಲೆಯನ್ನೂ ಸೋಲದೆ ಕುಳಿತಿರುವಾಗಲೇ ಬ್ಲೈಂಡುಗಳು 400 ಮತ್ತು 800ಕ್ಕೆ ಏರಿದರೆ ಅದು 5ಕ್ಕೆ ಇಳಿಯುತ್ತದೆ. ಗ್ರಂಥಕರ್ತರು ಮೊದಲನೆಯದನ್ನು ಹಸುರು ವಲಯವೆಂದೂ ಎರಡನೆಯದನ್ನು ಕೆಂಪು ವಲಯವೆಂದೂ ಕರೆಯುವರು. ಕೆಂಪಿನಲ್ಲಿ ಚಿಕ್ಕ ಪಣಕ್ಕೆ ಯಾರೂ ಅಂಜರು. ಎಲ್ಲವನ್ನೂ ಒಡ್ಡುವುದು, ಇಲ್ಲವೇ ಎಲೆಯನ್ನು ಎಸೆಯುವುದು, ಇವೆರಡೇ ಉಳಿಯುತ್ತವೆ. ಮೊದಲು ಒಡ್ಡಿದವನಿಗೆ ಗೆಲುವಿನ ಬಾಗಿಲು ಎರಡು: ಇತರರು ಹಿಂಜರಿಯಬಹುದು, ಅಥವಾ ತನ್ನ ಎಲೆಯೇ ಮೇಲಾಗಬಹುದು. ಹೀಗೆ ‘ಕೈಯಲ್ಲಿ ಏನಿದೆ’ ಎಂದು ಮಾತ್ರ ನೋಡುತ್ತಿದ್ದವನಿಗೆ ‘ತಾನು ಎಲ್ಲಿ ನಿಂತಿದ್ದೇನೆ’ ಎಂದು ನೋಡಲು ಕಲಿಸಿದುದು ಈ ಗ್ರಂಥದ ದೊಡ್ಡ ಉಪಕಾರ.

ಅನುಭವದಿಂದಲೇ ಇದನ್ನು ಕಲಿಯಲಾಗದೇ ಎಂದು ವಾಚಕರು ಕೇಳಬಹುದು. ಕಲಿಯುವುದು ಬಹಳ ಕಷ್ಟ. ಜೋಡಿ ಎಕ್ಕಗಳುಳ್ಳವನು ಜೋಡಿ ರಾಜರುಳ್ಳವನೆದುರು ಎಲ್ಲವನ್ನೂ ಒಡ್ಡಿದರೂ ಐದು ಸಲದಲ್ಲಿ ಸುಮಾರು ಒಂದು ಸಲ ಸೋಲುತ್ತಾನೆ. ಸರಿಯಾಗಿ ಆಡಿದವನಿಗೆ ಶಿಕ್ಷೆಯನ್ನೂ ತಪ್ಪಿ ಆಡಿದವನಿಗೆ ಬಹುಮಾನವನ್ನೂ ಕೊಡುವ ಮೇಜು ಒಳ್ಳೆಯ ಗುರುವಲ್ಲ. ಫಲದಿಂದ ನಿರ್ಧಾರವನ್ನು ಬೇರ್ಪಡಿಸಿ ತೂಗುವ ತಾಳ್ಮೆಯು ಪುಟದ ಮುಂದೆ ದೊರೆಯುವಷ್ಟು ಸುಲಭವಾಗಿ ಮೇಜಿನ ಮುಂದೆ ದೊರೆಯದು.

ಇನ್ನು ದೋಷಗಳು. ಅಧ್ಯಾಯಾಂತ್ಯದ ಅಭ್ಯಾಸಗಳಲ್ಲಿ ‘ಇಲ್ಲಿ ಒಂದು ಸಮಸ್ಯೆಯುಂಟು’ ಎಂಬುದು ಓದುಗನಿಗೆ ಮೊದಲೇ ತಿಳಿದಿರುತ್ತದೆ. ಆಟದಲ್ಲಿ ಹಾಗೆ ಗಂಟೆ ಬಾರಿಸಿ ಎಚ್ಚರಿಸುವವರಿಲ್ಲ. ಗಂಟೆಗಟ್ಟಲೆ ಎಲೆಯೆಸೆದು ಬೇಸತ್ತವನು ಆ ಗಳಿಗೆಯನ್ನು ತಾನೇ ಗುರುತಿಸಬೇಕು. ಎರಡನೆಯ ದೋಷವು ಗ್ರಂಥದ ಕೀರ್ತಿಯಿಂದಲೇ ಹುಟ್ಟಿದ್ದು. ವಿಶ್ವ ಸರಣಿಯ ಮುಖ್ಯ ಪಂದ್ಯಕ್ಕೆ 2003ರಲ್ಲಿ ಬಂದವರು 839 ಮಂದಿ. 2006ರಲ್ಲಿ 8,773 ಮಂದಿ. ಹೊಸಬರಲ್ಲಿ ಅನೇಕರು ಇದೇ ಪುಸ್ತಕವನ್ನು ಓದಿದವರು. ವ್ಯಾಕರಣವನ್ನು ಎಷ್ಟು ಮಂದಿ ಓದಿದರೂ ಭಾಷೆಯ ನಿಯಮ ಕೆಡದು; ಯುದ್ಧತಂತ್ರವನ್ನು ಎದುರಾಳಿಯೂ ಓದಿದರೆ ತಂತ್ರವೇ ಹಳಸುತ್ತದೆ. ಅಂದು ಆರಂಭದ ಪಣವನ್ನು ದೊಡ್ಡ ಬ್ಲೈಂಡಿನ ಮೂರರಷ್ಟಕ್ಕೆ ಏರಿಸುವುದು ವಾಡಿಕೆ. ಇಂದು ಎರಡರಷ್ಟಕ್ಕೆ ತುಸು ಮೇಲೆ ಸಾಕೆನ್ನುವರು. 2019ರಲ್ಲಿ ಪ್ಲೂರಿಬಸ್ ಎಂಬ ಗಣಕಯಂತ್ರದ ಕಾರ್ಯಕ್ರಮವು ಆರು ಮಂದಿಯ ಮೇಜಿನಲ್ಲಿ ವೃತ್ತಿಯ ಆಟಗಾರರನ್ನೇ ಸೋಲಿಸಿತು; ಈಗಿನ ಅಭ್ಯಾಸಿಗಳು ಗ್ರಂಥಕ್ಕಿಂತ ಯಂತ್ರದ ಲೆಕ್ಕವನ್ನೇ ಹೆಚ್ಚು ನಂಬುವರು.

ಈ ಅಪಾಯವನ್ನು ಗ್ರಂಥಕರ್ತರು ಸ್ವಲ್ಪಮಟ್ಟಿಗೆ ಮುಂಗಂಡಿರುವರು. ಕೈಗಡಿಯಾರದ ಸೆಕೆಂಡಿನ ಮುಳ್ಳನ್ನು ನೋಡಿ ಆಟದ ಬಗೆಯನ್ನು ಬದಲಿಸಿರೆಂದು ಅವರು ಹೇಳುವುದು, ಒಂದೇ ರೂಢಿಗೆ ಕಟ್ಟುಬಿದ್ದವನ ಮನಸ್ಸನ್ನು ಇತರರು ಓದಿಬಿಡುವರೆಂಬ ಕಾರಣದಿಂದಲೇ. ಆದುದರಿಂದ ಇದರ ತೀರ್ಪುಗಳನ್ನು ಬಾಯಿಪಾಠ ಮಾಡುವವನು ಹಳೆಯ ನಾಣ್ಯವನ್ನು ಹೊಸ ಸಂತೆಗೆ ಒಯ್ದಂತೆ. ಇದರಲ್ಲಿ ಬಾಳುವ ಭಾಗವು ಪ್ರಶ್ನೆಗಳ ಕ್ರಮ: ಬಿಲ್ಲೆಗಳೆಷ್ಟು, ಸರದಿ ಯಾವುದು, ಎದುರಾಳಿ ಎಂತಹವನು, ಮೊದಲು ಪಣವೊಡ್ಡಿದವನು ಯಾರು. ಉತ್ತರವನ್ನು ಕೈಯಿಂದ ಮುಚ್ಚಿ, ತನ್ನ ನಿರ್ಧಾರವನ್ನೂ ಅದರ ಕಾರಣವನ್ನೂ ಬರೆದಿಟ್ಟು, ಅನಂತರ ಗ್ರಂಥಕರ್ತರ ಮಾತನ್ನು ಓದುವುದು ಮೇಲು. ನಿರ್ಧಾರಗಳು ಕೂಡದಿದ್ದರೂ ಚಿಂತೆಯಿಲ್ಲ. ಕಾರಣಗಳು ಎಲ್ಲಿ ಬೇರೆಯಾದುವೆಂದು ಕಂಡುಕೊಂಡವನಿಗೆ ಈ ಮೂರು ಸಂಪುಟಗಳು ಇಂದಿಗೂ ಸಾರ್ಥಕವೇ ಆಗುವುವು.