ಸಿಂಹಾಸನಕ್ಕೆ ನಾಲ್ಕು ಚಕ್ರ

ಹೈದರಾಬಾದಿನ ಚೌಮಹಲ್ಲಾ ಅರಮನೆಗೆ ಹೋದವರು ಮೊದಲು ದರ್ಬಾರು ಹಾಲಿನ ಗಾಜಿನ ತೂಗುದೀಪಗಳನ್ನು ಕತ್ತು ನೋಯುವಷ್ಟು ನೋಡುತ್ತಾರೆ. ಆಮೇಲೆ ಹಳೆಯ ಕಾರುಗಳ ಕಡೆಗೆ ಬರುತ್ತಾರೆ. ಅಲ್ಲಿ ಎಲ್ಲರೂ ಹೆಚ್ಚು ಹೊತ್ತು ನಿಲ್ಲುವುದು ಒಂದೇ ಕಾರಿನ ಮುಂದೆ. ಅರಿಶಿನದ ಬಣ್ಣದ ರೋಲ್ಸ್ ರಾಯ್ಸ್. ಮದುವೆ ಮಂಟಪಕ್ಕೆ ಚಕ್ರ ಕಟ್ಟಿದ ಹಾಗಿದೆ. ಇದನ್ನು ಸಿಂಹಾಸನದ ಕಾರು ಎನ್ನುತ್ತಾರೆ. ಹೊಗಳಿಕೆಗೆ ಇಟ್ಟ ಹೆಸರಲ್ಲ, ಹಿಂದಿನ ಸೀಟು ನಿಜವಾಗಿಯೂ ಸಿಂಹಾಸನವೇ.

ಇದನ್ನು ಮಾಡಿಸಲು 1911ರಲ್ಲಿ ಹೇಳಿ ಕಳಿಸಿದವರು ಆರನೆಯ ನಿಜಾಮ ಮೆಹಬೂಬ್ ಅಲಿ ಖಾನ್. ಅದೇ ವರ್ಷ ಅವರು ತೀರಿಕೊಂಡರು. ಕಾರು ಸಿದ್ಧವಾಗಿ ಬರುವ ಹೊತ್ತಿಗೆ ಪಟ್ಟದಲ್ಲಿ ಮಗ ಉಸ್ಮಾನ್ ಅಲಿ ಖಾನ್ ಇದ್ದರು. ಯಂತ್ರ ರೋಲ್ಸ್ ರಾಯ್ಸಿನವರದು, ಮೇಲಿನ ಮೈ ಲಂಡನ್ನಿನ ಬಾರ್ಕರ್ ಕಂಪನಿಯದು. ಆಗಿನ ಪದ್ಧತಿ ಹಾಗೆ. ನಾವು ಒಂದು ಕಡೆ ಬಟ್ಟೆ ಕೊಂಡು ಇನ್ನೊಂದು ಕಡೆ ರವಿಕೆ ಹೊಲಿಸುವುದಿಲ್ಲವೇ? (ದರ್ಜಿ ಹೇಳಿದ ದಿನಕ್ಕೆ ಕೊಡದಿರುವುದು ಅಲ್ಲೂ ಇತ್ತೋ ಏನೋ.) ಹಳದಿ, ಆ ಮನೆತನದ ಬಾವುಟದ ಬಣ್ಣ.

ಕಾರಿನ ಮಾದರಿ ಸಿಲ್ವರ್ ಘೋಸ್ಟ್. ಈ ಮಾದರಿಗೆ ಹೆಸರು ಬಂದದ್ದೇ ಓಟದಿಂದ. 1907ರಲ್ಲಿ ಅಂಥದೊಂದು ಕಾರು ಇಂಗ್ಲೆಂಡ್, ಸ್ಕಾಟ್ಲೆಂಡಿನ ರಸ್ತೆಗಳಲ್ಲಿ 14,371 ಮೈಲಿ ಕೆಟ್ಟು ನಿಲ್ಲದೆ ಓಡಿ ಜಗತ್ತನ್ನು ಬೆರಗುಗೊಳಿಸಿತ್ತು. ಅದರ ಒಡಹುಟ್ಟು ಹೈದರಾಬಾದಿಗೆ ಬಂದು ನೂರು ವರ್ಷದಲ್ಲಿ ಓಡಿದ್ದು 400 ಮೈಲಿಗೂ ಕಡಿಮೆ. ಬಿಕ್ಕೋಡಿನಿಂದ ನಾವು ಹೋದಷ್ಟು ದೂರವನ್ನೂ ಅದು ತನ್ನ ಜನ್ಮದಲ್ಲಿ ಹೋಗಿಲ್ಲ!

ಜೊತೆಗಿದ್ದ ನನ್ನ ಓರಗಿತ್ತಿ ಬಹಳ ಹೊತ್ತು ನೋಡಿ ಕೇಳಿದಳು: “ಅಕ್ಕಾ, ಇದ್ರಲ್ಲಿ ಕೂತೋರು ದಾರಿ ನೋಡ್ತಿದ್ರಾ, ಇಲ್ಲಾ ದಾರೀಲಿದ್ದೋರು ಇವರನ್ನ ನೋಡ್ತಿದ್ರಾ?”

ಈ ಕಾರಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಅದೇ. ಹಿಂದಿನ ಆಸನ ಎತ್ತರಕ್ಕಿದೆ, ಅದಕ್ಕೆ ತಕ್ಕಂತೆ ಛಾವಣಿಯೂ ಎತ್ತರ. ಕೂತವರ ಸುಖಕ್ಕಲ್ಲ, ನಿಂತವರ ಕಣ್ಣಿಗೆ. ಇಂಥ ಕಾರು ಓಡದೆ ಮೂಲೆ ಸೇರಿತಲ್ಲ ಎಂದು ಮರುಗುವವರಿದ್ದಾರೆ. ನನಗೆ ಹಾಗನಿಸಲಿಲ್ಲ. ಅದು ಹುಟ್ಟಿದ್ದೇ ಪ್ರದರ್ಶನಕ್ಕೆ. ಈಗ ತನ್ನ ಕೆಲಸ ಮಾಡುತ್ತಾ ನಿಂತಿದೆ, ಅಷ್ಟೆ. ಅದೇ ಕಾಲದಲ್ಲಿ ಅರಮನೆಗಳ ಜನಾನಾಕ್ಕೆಂದು ಪರದೆ ಹಾಕಿದ ಕಾರುಗಳೂ ಬರುತ್ತಿದ್ದವು. ರಾಜರ ಕಾರು ಕಾಣಿಸಲಿಕ್ಕೆ, ರಾಣಿಯರ ಕಾರು ಮುಚ್ಚಲಿಕ್ಕೆ. ಕಾರ್ಖಾನೆ ಮಾತ್ರ ಒಂದೇ ಆಗಿರಬಹುದು.

ಬೇಲೂರಿನ ಚೆನ್ನಕೇಶವನ ತೇರೂ ವರ್ಷಕ್ಕೊಮ್ಮೆ ಹೊರಡುವುದು, ಅದು ಮಾತ್ರ ಎಷ್ಟು ದೂರ ಹೋಗುತ್ತದೆ ಎಂದು ನೀವು ಕೇಳಬಹುದು. ಸರಿಯೇ. ಆದರೆ ತೇರಿಗೆ ಹಗ್ಗವಿದೆ. ಹಗ್ಗಕ್ಕೆ ಕೈ ಹಾಕಿದವನಿಗೆ ಅದು ನಮ್ಮ ತೇರು. ಈ ಕಾರಿಗೆ ಜನ ಕೈ ಹಾಕುವ ಜಾಗವೇ ಇಲ್ಲ. ಇನ್ನೊಂದು ಮಾತು. ಬೇಲೂರಿನ ಮದನಿಕೆಯ ಕಾಲ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ. ವಿಷ್ಣುವರ್ಧನನ ಹೆಸರಿನ ಜೊತೆಗೆ ಅವರೂ ಉಳಿದರು. ಸಿಂಹಾಸನದ ಕಾರಿಗೆ ಬಾರ್ಕರ್ ಕಂಪನಿಯ ಹೆಸರಿದೆ, ನಿಜಾಮರ ಹೆಸರಿದೆ. ಆ ಸೀಟಿಗೆ ಸೂಜಿ ಹಾಕಿದ ಕೈ ಯಾರದು?

ದುಡ್ಡಿನ ಮಾತೂ ಬರಬೇಕು. ಬೀದರ್, ಗುಲ್ಬರ್ಗ, ರಾಯಚೂರು 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಆ ಬೊಕ್ಕಸಕ್ಕೆ ಕನ್ನಡದ ಹೊಲಗಳ ಕಂದಾಯವೂ ಹೋಗುತ್ತಿತ್ತು. ಒಂದು ಕಾರಿನಿಂದ ಶಾಲೆಗಳು ತಪ್ಪಿಹೋದವು ಎಂದರೆ ಅನ್ಯಾಯವಾದೀತು. ಇದೇ ಉಸ್ಮಾನ್ ಅಲಿ ಖಾನರು 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪಿಸಿ, ಇಂಗ್ಲಿಷಿನ ಹಂಗಿಲ್ಲದೆ ಉರ್ದುವಿನಲ್ಲೇ ಪದವಿ ಪಾಠ ಹೇಳಿಸಿದವರು. ಮೆಚ್ಚಬೇಕಾದ ಕೆಲಸ. ಕನ್ನಡದ ಮಗುವಿನ ಭಾಷೆಗೆ ಮಾತ್ರ ಆ ಮರ್ಯಾದೆ ಸಿಗಲಿಲ್ಲ. 2011ರ ಜನಗಣತಿಯಲ್ಲೂ ನಮ್ಮ ರಾಜ್ಯದಲ್ಲಿ ಸಾಕ್ಷರತೆ ಅತಿ ಕಡಿಮೆ ಇದ್ದದ್ದು ಆ ಸೀಮೆಯ ಯಾದಗಿರಿಯಲ್ಲಿ. ಮೇಷ್ಟ್ರ ಕೆಲಸ ಮಾಡುವವಳಿಗೆ ಹಳದಿ ಬಣ್ಣದ ಮುಂದೆ ನಿಂತಾಗ ಈ ಲೆಕ್ಕ ನೆನಪಾಗದೆ ಹೇಗಿರುತ್ತದೆ?

ಹಾಗೆಂದು ನೋಡಬೇಡಿ ಎನ್ನುವುದಿಲ್ಲ, ಖಂಡಿತ ನೋಡಿ. ಪಾಳು ಬೀಳುತ್ತಿದ್ದ ಈ ಅರಮನೆಯನ್ನು ಮುಂದೆ ನಿಂತು ಸರಿ ಮಾಡಿಸಿದವರು ಒಬ್ಬ ಹೆಂಗಸು. ಟರ್ಕಿಯಲ್ಲಿ ಹುಟ್ಟಿ, ಕೊನೆಯ ನಿಜಾಮರ ಮೊಮ್ಮಗ ಮುಕರ್ರಮ್ ಜಾಹ್ ಅವರ ಕೈಹಿಡಿದು, ಆಮೇಲೆ ಅವರಿಂದ ಬೇರೆಯಾದ ಎಸ್ರಾ. ವಿಚ್ಛೇದನವಾದ ಗಂಡನ ಮನೆಯನ್ನು ಎಷ್ಟೋ ವರ್ಷದ ಮೇಲೆ ಬಂದು ಗುಡಿಸಿ ಸಾರಿಸಿ ನಿಲ್ಲಿಸುವುದೆಂದರೆ ಸಾಮಾನ್ಯವೇ! 2005ರಲ್ಲಿ ಅರಮನೆ ಜನರಿಗೆ ತೆರೆಯಿತು, 2010ರಲ್ಲಿ ಯುನೆಸ್ಕೋದ ಪ್ರಶಸ್ತಿಯೂ ಬಂತು. ಕಾರಿನ ಮುಂದೆ ಫೋಟೋ ತೆಗೆಸಿಕೊಳ್ಳುವವರು ನಿಜಾಮರ ಹೆಸರು ಹೇಳುತ್ತಾರೆ, ಆಕೆಯ ಹೆಸರು ಹೇಳಿದವರನ್ನು ಅವತ್ತು ನಾನು ಕಾಣಲಿಲ್ಲ.

ಹೋಗುವವರು ಶುಕ್ರವಾರ ಬಿಟ್ಟು ಹೋಗಿ, ಅಂದು ರಜೆ.