ದುದಿಂತ್ಸೆವನ ಕಾದಂಬರಿಯಲ್ಲಿ ಅಧಿಕಾರಿಯ ಪಾತ್ರ

ವ್ಲಾದಿಮಿರ್ ದುದಿಂತ್ಸೆವನ 'ರೊಟ್ಟಿಯಿಂದ ಮಾತ್ರವಲ್ಲ' ಎಂಬ ಕಾದಂಬರಿಯು 1956ರಲ್ಲಿ ಮಾಸ್ಕೋದ 'ನೋವಿ ಮಿರ್' ಪತ್ರಿಕೆಯಲ್ಲಿ ಪ್ರಕಟವಾದಾಗ, ಹೊಗಳಿದವರೂ ತೆಗಳಿದವರೂ ಹೆಚ್ಚಾಗಿ ದ್ರೋಜ್ದೋವನೆಂಬ ಪಾತ್ರವನ್ನೇ ಹಿಡಿದು ವಾದಿಸಿದರು. ಅಂತಹವರ ಒಂದು ವರ್ಗವೇ ದೇಶದಲ್ಲಿ ಬೆಳೆದಿದೆಯೆಂದು ಪೌಸ್ತೋವ್ಸ್ಕಿಯು ಅದೇ ವರ್ಷ ಲೇಖಕರ ಸಭೆಯಲ್ಲಿ ಸಾರಿದನು. ಆ ವರ್ಗವನ್ನು ಹುಟ್ಟಿಸಿದುದು ಯಾವುದೆಂಬ ಪ್ರಶ್ನೆಯನ್ನು ಕಾದಂಬರಿಯು ಪೂರ್ಣವಾಗಿ ಎದುರಿಸಿಲ್ಲ.

ಕಥೆಯು ಸರಳವಾದುದು. ಲೋಪಾತ್ಕಿನನೆಂಬ ಉಪಾಧ್ಯಾಯನು ಎರಕದ ಕೊಳವೆಗಳನ್ನು ಮಾಡುವ ಹೊಸ ಯಂತ್ರವನ್ನು ಕಲ್ಪಿಸುತ್ತಾನೆ. ಕಾರ್ಖಾನೆಯ ಮುಖ್ಯಾಧಿಕಾರಿಯಾದ ದ್ರೋಜ್ದೋವನೂ ರಾಜಧಾನಿಯ ಪಂಡಿತರೂ ಅಡ್ಡಬರುತ್ತಾರೆ. ರಾಜ್ಯರಹಸ್ಯವನ್ನು ಹೊರಗೆಡಹಿದನೆಂಬ ಆರೋಪದ ಮೇಲೆ ಅವನಿಗೆ ಸೆರೆಯಾಗುತ್ತದೆ. ಕಡೆಗೆ ಯಂತ್ರವು ಗೆಲ್ಲುತ್ತದೆ. ಅಧಿಕಾರಿಗಳು ಪೀಠ ಬಿಟ್ಟು ಕದಲುವುದಿಲ್ಲ. ನಾದ್ಯಾಳ ಪ್ರಣಯಭಾಗವು ಸಪ್ಪೆಯಾಗಿದೆ.

ಗ್ರಂಥಕರ್ತನು ದ್ರೋಜ್ದೋವನನ್ನು ಕಠಿಣಹೃದಯನಾಗಿ ಚಿತ್ರಿಸಿ ದೋಷವನ್ನು ಅವನ ಸ್ವಭಾವಕ್ಕೆ ಹೊರಿಸುತ್ತಾನೆ. ಆದರೆ ಆ ದೇಶದ ಉತ್ಪಾದನಾಕ್ರಮವನ್ನು ಪರ್ಯಾಲೋಚಿಸಿದರೆ ಬೇರೊಂದು ಸಂಗತಿಯು ತೋರುತ್ತದೆ. ಯಾವ ಕಾರ್ಖಾನೆ ಏನನ್ನು ಎಷ್ಟು ಮಾಡಬೇಕೆಂಬುದನ್ನು ಮಾಸ್ಕೋದ ಯೋಜನಾಮಂಡಲಿಯೂ ಮಂತ್ರಿಶಾಖೆಗಳೂ ಗೊತ್ತುಮಾಡುತ್ತಿದ್ದವು. ಲೋಹದ ಸಾಮಾನುಗಳ ಲೆಕ್ಕವು ಬಹುಮಟ್ಟಿಗೆ ಟನ್ನುಗಳಲ್ಲಿ. ಆದುದರಿಂದ ಹಗುರವಾದ ಕೊಳವೆಯು ಲೆಕ್ಕದಲ್ಲಿ ನಷ್ಟವೇ! ಹೊಸ ಯಂತ್ರವನ್ನು ಹೂಡಲು ಕೆಲಸ ನಿಲ್ಲಿಸಿದರೆ ವರ್ಷದ ಗುರಿ ತಪ್ಪುತ್ತದೆ, ಅದರೊಡನೆ ಅಧಿಕಾರಿಯ ಬಹುಮಾನವೂ ತಪ್ಪುತ್ತದೆ. ಯಂತ್ರವು ಫಲಿಸಿದರೆ ಮುಂದಿನ ವರ್ಷದ ಗುರಿಯು ಏರುತ್ತದೆ. ಬೆಲೆಯನ್ನೂ ಕಚೇರಿಯೇ ಕಟ್ಟುತ್ತಿದ್ದುದರಿಂದ ಕೊಳ್ಳುವವನ ಅಗತ್ಯವು ಮೇಲಕ್ಕೆ ಮುಟ್ಟಲು ದಾರಿಯಿರಲಿಲ್ಲ. ಆ ಪೀಠದಲ್ಲಿ ಸಜ್ಜನನೊಬ್ಬನು ಕುಳಿತಿದ್ದರೂ ಬೇರೆ ರೀತಿಯಲ್ಲಿ ನಡೆಯುತ್ತಿದ್ದನೆಂದು ನಂಬುವುದು ಕಷ್ಟ.

ಈ ಕ್ರಮವು ಅಸಮರ್ಥವೆಂದು ಮಾತ್ರ ಹೇಳಲಾಗದು. 1929ರಲ್ಲಿ ಆರಂಭಿಸಿದ ಮಾಗ್ನಿತೊಗೊರ್ಸ್ಕಿನ ಉಕ್ಕಿನ ಕಾರ್ಖಾನೆಯಲ್ಲಿ 1932ರಲ್ಲಿಯೇ ಕಬ್ಬಿಣವು ಕರಗಿತು. 1941ರಲ್ಲಿ ಜರ್ಮನ್ ಸೈನ್ಯವು ಮೇಲೆ ಬೀಳಲು, ಕೆಲವೇ ತಿಂಗಳಲ್ಲಿ 1,500ಕ್ಕೂ ಹೆಚ್ಚು ಕಾರ್ಖಾನೆಗಳನ್ನು ಕಳಚಿ ಯೂರಲ್ ಮುಂತಾದ ಪೂರ್ವಪ್ರದೇಶಗಳಿಗೆ ಸಾಗಿಸಿದರು. ಬೇಕಾದುದು ಒಂದೇ ಆಗಿ ಅದು ಎಲ್ಲರಿಗೂ ತಿಳಿದಿರುವಲ್ಲಿ ಆಜ್ಞೆಯು ವೇಗವಾಗಿ ನಡೆಯುತ್ತದೆ. ಜನರು ತೆತ್ತ ಬೆಲೆಯಾದರೋ ಆ ಲೆಕ್ಕದಲ್ಲಿ ಸೇರಲಿಲ್ಲ. 1932-33ರ ಕ್ಷಾಮದಲ್ಲಿ ಲಕ್ಷಾಂತರ ಜನರು ಸತ್ತರು. ಇನ್ನೂ ಹುಟ್ಟದ ಯಂತ್ರವನ್ನು ಯಾವ ಯೋಜನೆಯೂ ಮುಂದಾಗಿ ಬರೆದಿಡಲಾರದು. ಲೋಪಾತ್ಕಿನನು ಸೆರೆಯಲ್ಲಿರುವಾಗ ಗಲೀತ್ಸ್ಕಿಯೊಬ್ಬನ ಸದ್ಭಾವದಿಂದ ಯಂತ್ರವು ಸಿದ್ಧವಾಗುವ ಪ್ರಸಂಗವು, ಗ್ರಂಥಕರ್ತನು ಉದ್ದೇಶಿಸಿದ್ದರೂ ಇಲ್ಲದಿದ್ದರೂ, ಇದನ್ನೇ ಸಾಧಿಸುತ್ತದೆ.

ಒಂಟಿ ಪ್ರತಿಭಾವಂತನ ಕಾಲವು ಕಳೆಯಿತೆಂದು ದ್ರೋಜ್ದೋವನು ಲೋಪಾತ್ಕಿನನಿಗೆ ಬುದ್ಧಿ ಹೇಳುವ ಭಾಗವೇ ಗ್ರಂಥದಲ್ಲಿ ಅತ್ಯಂತ ಸಜೀವವಾದುದು. ಅಲ್ಲಿ ಕೇಳಿಬರುವುದು ದ್ವೇಷದ ಧ್ವನಿಯಲ್ಲ. ವರ್ಷಾಂತ್ಯದ ಲೆಕ್ಕವನ್ನು ಒಪ್ಪಿಸಬೇಕಾದವನ ಧ್ವನಿ.