ಬೆಕ್ಕು-ಇಲಿಯ ಬಡಿದಾಟ ಮತ್ತು ಎಳೆಯ ಮಕ್ಕಳು

ಜಾರುವುದು, ಬೀಳುವುದು, ಪೆಟ್ಟು ತಿನ್ನುವುದು, ಏನೂ ಆಗದಂತೆ ಮತ್ತೆ ಎದ್ದು ಓಡುವುದು. ಬಡಿದಾಟದ ಹಾಸ್ಯ ನಿಂತಿರುವುದು ಇಷ್ಟರ ಮೇಲೆಯೇ. ಇಂಗ್ಲಿಷಿನಲ್ಲಿ ಇದಕ್ಕಿರುವ ‘ಸ್ಲಾಪ್‌ಸ್ಟಿಕ್’ ಎಂಬ ಹೆಸರು ಒಂದು ಸಾಧನದಿಂದ ಬಂದದ್ದು. ಇಟಲಿಯ ಹಳೆಯ ನಾಟಕ ತಂಡಗಳ ವಿದೂಷಕನ ಕೈಯಲ್ಲಿ ಎರಡು ಮರದ ಪಟ್ಟಿ ಜೋಡಿಸಿದ ಕೋಲಿರುತ್ತಿತ್ತು. ಮೆಲ್ಲಗೆ ತಾಗಿಸಿದರೂ ಪಟ್ಟಿಗಳು ಒಂದಕ್ಕೊಂದು ಬಡಿದು ಚಟಾರನೆ ಸದ್ದಾಗುತ್ತಿತ್ತು. ಸದ್ದು ದೊಡ್ಡದು, ನೋವು ಇಲ್ಲ. ಈ ಕರಾರು ನೋಡುವವರಿಗೆ ಗೊತ್ತಿದ್ದಾಗ ಮಾತ್ರ ನಗು ಹುಟ್ಟುತ್ತದೆ. ಆ ಕರಾರು ಮೂರು-ನಾಲ್ಕು ವರ್ಷದ ಮಗುವಿಗೆ ಗೊತ್ತಿದೆಯೇ ಎಂಬುದೇ ಈ ಬಗೆಯ ಕಾರ್ಟೂನುಗಳ ಬಗ್ಗೆ ಮೊದಲು ಕೇಳಬೇಕಾದ ಪ್ರಶ್ನೆ.

ಈ ಪರಂಪರೆಯ ಉತ್ತಮ ಮಾದರಿ ‘ಟಾಮ್ ಅಂಡ್ ಜೆರಿ’. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಎಂಜಿಎಂ ಸ್ಟುಡಿಯೋಗಾಗಿ 1940ರಿಂದ 1958ರವರೆಗೆ ಇದರ 114 ಕಿರುಚಿತ್ರಗಳನ್ನು ಮಾಡಿದರು. ಅವುಗಳಲ್ಲಿ 7 ಆಸ್ಕರ್ ಗಳಿಸಿದವು. ಮಾತು ಬಹಳ ಕಡಿಮೆ. ಸ್ಕಾಟ್ ಬ್ರಾಡ್ಲಿಯ ಸಂಗೀತವೇ ಬೆಕ್ಕಿನ ಹೆಜ್ಜೆ, ಇಲಿಯ ಎದೆಬಡಿತ ಎರಡನ್ನೂ ಹೇಳುತ್ತದೆ. ಇವು ಮಕ್ಕಳಿಗೆಂದೇ ಮಾಡಿದ ಚಿತ್ರಗಳಲ್ಲ ಎಂಬುದನ್ನು ಮರೆಯಬಾರದು. ಚಿತ್ರಮಂದಿರದಲ್ಲಿ ದೊಡ್ಡ ಸಿನಿಮಾಕ್ಕೆ ಮುನ್ನ ಎಲ್ಲ ವಯಸ್ಸಿನವರೂ ಕೂಡಿ ನೋಡಲಿ ಎಂದು ಮಾಡಿದ ಏಳೆಂಟು ನಿಮಿಷದ ತುಣುಕುಗಳವು. ಒಮ್ಮೆಗೆ ಒಂದೇ ನೋಡಲೆಂದು ಕಟ್ಟಿದ್ದನ್ನು ಇಂದಿನ ಮಗು ಒಂದರ ಹಿಂದೊಂದು ಹತ್ತು ನೋಡುತ್ತದೆ. ಈ ಕಾರ್ಟೂನುಗಳ ಮೇಲಿನ ತಕರಾರಿನ ಅರ್ಧ ಭಾಗ ಹುಟ್ಟುವುದು ಇಲ್ಲಿಂದ.

ವಿಜಯಪುರ ಜಿಲ್ಲೆಯ ಹಳ್ಳಿಗಳಿಗೆ, ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಂಥ ಊರುಗಳಿಗೆ, ಕಾರ್ಟೂನು ಬಂದದ್ದು ಮೊದಲು ಕೇಬಲ್ ಮತ್ತು ಡಿಶ್‌ನಿಂದ, ಆಮೇಲೆ ಮೊಬೈಲಿನಿಂದ. ಡಬ್ಬಿಂಗ್ ಬೇಡವೆಂಬ ಕಟ್ಟುಪಾಡು ಕನ್ನಡದಲ್ಲಿ ದಶಕಗಳ ಕಾಲ ಇತ್ತು. ಅದರ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದದ್ದು 2015ರಲ್ಲಿ. ಅದಕ್ಕೂ ಮುನ್ನ, 2009ರಲ್ಲಿ, ಸನ್ ಸಮೂಹದ ಚಿಂಟು ಟಿ.ವಿ. ಮಕ್ಕಳ ಕಾರ್ಟೂನುಗಳನ್ನು ಕನ್ನಡದಲ್ಲಿ ಕೊಡಲು ತೊಡಗಿತು. ಅಲ್ಲಿಯವರೆಗೆ ‘ಕಾರ್ಟೂನ್ ಹಚ್ಚು’ ಎಂದು ಹಟ ಹಿಡಿದ ಮಗುವಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಹಿಂದಿ, ಇಲ್ಲವೇ ಇಂಗ್ಲಿಷ್. ಮಾತಿಲ್ಲದ ಬೆಕ್ಕು-ಇಲಿಗೆ ಮಾತ್ರ ಯಾವ ಭಾಷೆಯ ಹಂಗೂ ಇರಲಿಲ್ಲ.

ಈ ಚಿತ್ರಗಳ ಗುಣ ಸಣ್ಣದಲ್ಲ. ದೊಡ್ಡದರ ಮುಂದೆ ಸಣ್ಣದು ಗೆಲ್ಲುವುದನ್ನು ನೋಡುವ ಸುಖ, ಮನೆಯಲ್ಲಿ ಎಲ್ಲರಿಗಿಂತ ಸಣ್ಣದಾದ ಮಗುವಿಗೆ ಚೆನ್ನಾಗಿಯೇ ತಿಳಿಯುತ್ತದೆ. ಮುಂದೇನಾದೀತು ಎಂದು ಊಹಿಸಿ, ಊಹೆ ತಪ್ಪಿದಾಗ ನಗುವುದೂ ಒಂದು ಬಗೆಯ ಬುದ್ಧಿಯ ಆಟವೇ. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಪೆಟ್ಟು ತಿರುಗಿ ಬೀಳುವುದು ಕೊಡಲು ಹೋದವನಿಗೇ. ಟಾಮ್ ತೋಡಿದ ಗುಂಡಿಗೆ ಟಾಮೇ ಬೀಳುತ್ತಾನೆ.

ಆದರೂ ಎಳೆಯ ಮಕ್ಕಳ ಮಟ್ಟಿಗೆ ಆಕ್ಷೇಪಗಳು ಗಟ್ಟಿಯಾಗಿವೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಶಿಶುವಿಹಾರದ ಮಕ್ಕಳ ಒಂದು ಗುಂಪಿಗೆ, ಬೆಕ್ಕಿನ ವೇಷ ತೊಟ್ಟವರು ಗಾಳಿಬೊಂಬೆಯನ್ನು ಬಡಿಯುವ ಕಾರ್ಟೂನು ಮಾದರಿಯ ಚಿತ್ರವನ್ನು ತೋರಿಸಲಾಗಿತ್ತು. ಏನೂ ನೋಡದ ಮಕ್ಕಳಿಗಿಂತ ಇವರು ಬೊಂಬೆಯ ಜತೆ ಹೆಚ್ಚು ಬಡಿದಾಡಿದರು. ಬೊಂಬೆ ಇರುವುದೇ ಗುದ್ದಲಿಕ್ಕೆ, ಅದನ್ನು ಗುದ್ದಿದ ಮಗು ತಮ್ಮನನ್ನೂ ಗುದ್ದುತ್ತದೆ ಎನ್ನಲಾಗದು ಎಂಬ ಮರುವಾದವೂ ಸರಿಯೇ. 2011ರಲ್ಲಿ ಏಂಜಲಿನ್ ಲಿಲಾರ್ಡ್ ಮತ್ತು ಜೆನಿಫರ್ ಪೀಟರ್ಸನ್ ನಾಲ್ಕು ವರ್ಷದ 60 ಮಕ್ಕಳನ್ನು ಪರೀಕ್ಷಿಸಿದರು. ಬಿರುಸಾಗಿ ಓಡುವ ಕಾರ್ಟೂನನ್ನು ಬರೀ ಒಂಬತ್ತು ನಿಮಿಷ ನೋಡಿದ ಮಕ್ಕಳು, ಕುಳಿತು ಚಿತ್ರ ಬರೆದ ಮಕ್ಕಳಿಗಿಂತ ಗಮನ ಮತ್ತು ತಾಳ್ಮೆಯ ಕೆಲಸಗಳಲ್ಲಿ ಹಿಂದೆ ಬಿದ್ದರು. ಇದು ಆ ಕ್ಷಣದ ಪರಿಣಾಮ. ವರ್ಷಗಟ್ಟಲೆ ನೋಡಿದರೆ ಏನಾದೀತು ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ.

ಹಳ್ಳಿಯ ಮನೆಯ ಲೆಕ್ಕದಲ್ಲಿ ಬಡಿದಾಟಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ. ಟಾಮ್ ಎತ್ತರದಿಂದ ಬಿದ್ದರೆ ಚಪ್ಪಟೆಯಾಗುತ್ತಾನೆ, ವಿದ್ಯುತ್ತು ಹೊಡೆದರೆ ಮಿಂಚುತ್ತಾನೆ, ಸಿಡಿಮದ್ದು ನುಂಗಿದರೆ ಮೈಗೆ ಮಸಿ ಹತ್ತುತ್ತದೆ. ಮರುಗಳಿಗೆಗೆ ಎಲ್ಲವೂ ಮೊದಲಿನಂತೆ. ಮಾಳಿಗೆ ಮನೆಯ ಅಂಚು, ಹೊಲದ ಬಾವಿ, ಪಂಪ್‌ಸೆಟ್ಟಿನ ತಂತಿ ಕೈಗೆಟಕುವಷ್ಟು ಹತ್ತಿರವಿರುವ ಮಗುವಿಗೆ ಇದು ತಪ್ಪು ಪಾಠ. ಇನ್ನೊಬ್ಬರನ್ನು ಹೊಡೆದರೆ ಅಮ್ಮ ಗದರುತ್ತಾಳೆ, ಮಗು ಕಲಿಯುತ್ತದೆ. ಮಾಳಿಗೆಯಿಂದ ಜಿಗಿದು ನೋಡಿ ಕಲಿಯಲು ಬರುವುದಿಲ್ಲ.

ಈ ಸೀಮೆಯ ಮಕ್ಕಳಿಗೆ ನಗುವೇನೂ ಹೊಸದಲ್ಲ. ಶ್ರೀಕೃಷ್ಣ ಪಾರಿಜಾತ ಬಯಲಾಟದ ಭಾಗವತ ಮತ್ತು ದೂತಿಯ ಜಟಾಪಟಿಯಲ್ಲಿ ಏಟು ಬೀಳುವುದು ಮಾತಿನದು. ಹಗಲುವೇಷದವರು ಓಣಿಗೆ ಬಂದಾಗ ಅಂಜಿ ಅವ್ವನ ಸೆರಗು ಹಿಡಿದ ಮಗುವೇ, ಸ್ವಲ್ಪ ಹೊತ್ತಿಗೆ ಆ ವೇಷಧಾರಿ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವುದನ್ನೂ ನೋಡುತ್ತದೆ. ಬಣ್ಣದ ಹಿಂದೆ ಮನುಷ್ಯನಿದ್ದಾನೆ, ಬಿದ್ದದ್ದು ಸೋಗು ಎಂಬ ಕರಾರು ಅಲ್ಲಿ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ. ಕಾರ್ಟೂನಿಗೆ ಹಾಗೆ ಹಿಂಬದಿಯಿಲ್ಲ. ಆ ಕೆಲಸವನ್ನು ಪಕ್ಕದಲ್ಲಿ ಕೂತ ದೊಡ್ಡವರೇ ಮಾಡಬೇಕು. ಶಂ.ಗು. ಬಿರಾದಾರ, ಸಿಸು ಸಂಗಮೇಶರಂಥ ಮಕ್ಕಳ ಸಾಹಿತಿಗಳನ್ನು ಕೊಟ್ಟ ಜಿಲ್ಲೆಯಿದು. ಮಾತು ಕಲಿಯುವ ವಯಸ್ಸಿನಲ್ಲಿ ಪ್ರಾಸದ ಪದ್ಯಕ್ಕೆ ಸಿಗಬೇಕಾದ ಹೊತ್ತನ್ನು ಮಾತಿಲ್ಲದ ಓಟ ನುಂಗಿದರೆ ಅದು ನಿಜವಾದ ನಷ್ಟ.

ಎಲ್ಲ ಸರಣಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಫ್ರಾನ್ಸಿನಲ್ಲಿ 1998ರಲ್ಲಿ ಶುರುವಾದ ‘ಓಗಿ ಅಂಡ್ ದ ಕಾಕ್ರೋಚಸ್’ ಮೂಲದಲ್ಲಿ ಹೆಚ್ಚುಕಡಿಮೆ ಮಾತಿಲ್ಲದ್ದು. ಹಿಂದಿಯಲ್ಲಿ ಅದಕ್ಕೆ ಚಿತ್ರನಟರ ದನಿಯನ್ನು ಅನುಕರಿಸಿ ಕೆಣಕುವ, ಹೀಯಾಳಿಸುವ ಮಾತು ತುಂಬಲಾಗಿದೆ. ಬೀಳುವುದಕ್ಕಿಂತ ಬೇಗ ಮಗುವಿಗೆ ಹತ್ತುವುದು ಆ ಮಾತು. 2012ರ ‘ಮೋಟು ಪತ್ಲು’ವಿನಲ್ಲಿ ದಪ್ಪ, ತೆಳು ಎಂಬ ಮೈಕಟ್ಟೇ ಹೆಸರು. 2008ರ ‘ಛೋಟಾ ಭೀಮ್’ ಬೇರೆ ಜಾತಿಯದು. ಅಲ್ಲಿ ಲಡ್ಡು ತಿಂದ ಒಳ್ಳೆಯ ಹುಡುಗನ ಗುದ್ದೇ ನ್ಯಾಯ. ಟಾಮನ ಪೆಟ್ಟು ಪೆದ್ದುತನದ್ದು, ಭೀಮನ ಪೆಟ್ಟು ಪರಾಕ್ರಮದ್ದು. ಅನುಕರಿಸಲು ಮಗು ಆರಿಸಿಕೊಳ್ಳುವುದು ಪರಾಕ್ರಮವನ್ನು. ಆ ದೃಷ್ಟಿಯಲ್ಲಿ ಹಳೆಯ ಬೆಕ್ಕು-ಇಲಿಯೇ ಕಡಿಮೆ ಅಪಾಯದ್ದು.

ಹಳೆಯದರಲ್ಲೂ ಸೋಸಬೇಕಾದದ್ದಿದೆ. ಕಪ್ಪು ಜನಾಂಗದ ಮನೆಗೆಲಸದವಳನ್ನು ಅಣಕವಾಗಿ ಚಿತ್ರಿಸಿದ ಕಂತುಗಳಿವೆ. ಸಿಗರೇಟಿನ ದೃಶ್ಯಗಳ ಬಗ್ಗೆ 2006ರಲ್ಲಿ ಬ್ರಿಟನ್ನಿನಲ್ಲಿ ದೂರು ಬಂದ ಮೇಲೆ, ಧೂಮಪಾನವನ್ನು ಮೆಚ್ಚುವಂತೆ ತೋರಿಸಿದ ಭಾಗಗಳನ್ನು ಕತ್ತರಿಸಲು ಹಕ್ಕುದಾರರು ಒಪ್ಪಿದರು.

ಎರಡು ವರ್ಷದೊಳಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ತಾಸು ಎಂಬುದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆ. ಬಡಿದಾಟದ ಸರಣಿಗೆ ನಾಲ್ಕು ತುಂಬುವವರೆಗೆ ಕಾಯುವುದು ಒಳ್ಳೆಯದು. ನಾಲ್ಕು-ಐದಕ್ಕೆ ಒಂದು ಸಲಕ್ಕೆ ಒಂದೇ ಕಂತು, ದೊಡ್ಡವರ ಪಕ್ಕದಲ್ಲಿ. ಮೊದಲಿಗೆ 1947ರ ‘ದ ಕ್ಯಾಟ್ ಕನ್ಸರ್ಟೊ’ ಆದೀತು. ಟಾಮ್ ಪಿಯಾನೋ ನುಡಿಸುತ್ತಾನೆ, ಒಳಗೆ ಮಲಗಿದ್ದ ಜೆರಿಗೆ ಎಚ್ಚರವಾಗುತ್ತದೆ, ಜಗಳವೆಲ್ಲ ಸಂಗೀತಕಾರ ಲಿಸ್ಟ್‌ನ ರಚನೆಯ ತಾಳಕ್ಕೇ ನಡೆಯುತ್ತದೆ. ಆರು-ಏಳು ದಾಟಿದ ಮಗು ಉಳಿದವನ್ನೂ ಸೋಗೆಂದು ತಿಳಿದೇ ನೋಡಬಲ್ಲದು.